ಎಷ್ಟು ದೂರದ ಹಕ್ಕಿಯನ್ನು ಲೆಕ್ಕಕ್ಕೆ ಸೇರಿಸಬೇಕು?

ನಡೆದ ವ್ಯವಹಾರವನ್ನೆಲ್ಲ ಬರೆಯಬೇಕು, ಒಮ್ಮೆ ಬರೆದದ್ದನ್ನು ಅಳಿಸಬಾರದು. ಲೆಕ್ಕಶಾಸ್ತ್ರದಲ್ಲಿ ನಾವು ಮೊದಲು ಕಲಿಯುವುದು ಇದನ್ನೇ. ಹಾಗಾಗಿ ಹಕ್ಕಿ ಎಣಿಕೆಯ ಒಂದು ನಿಯಮವನ್ನು ಓದಿದಾಗ ನನಗೆ ವಿಚಿತ್ರವೆನಿಸಿತು. ಬೆಳಿಗ್ಗೆ ಚಳಿಯಲ್ಲಿ ನಿಂತು ಒಂದೊಂದು ಹಕ್ಕಿಯನ್ನೂ ಅದು ಎಷ್ಟು ದೂರದಲ್ಲಿತ್ತು ಎಂಬುದನ್ನೂ ಬರೆದುಕೊಂಡು ಬನ್ನಿ, ಆಮೇಲೆ ಒಂದು ದೂರವನ್ನು ಗೊತ್ತುಮಾಡಿ ಅದರಾಚೆಗಿನ ಹಕ್ಕಿಗಳನ್ನೆಲ್ಲ ಲೆಕ್ಕದಿಂದ ಬಿಟ್ಟುಬಿಡಿ ಎನ್ನುತ್ತದೆ ಆ ನಿಯಮ. ಈ ದೂರಕ್ಕೆ ಟ್ರಂಕೇಶನ್ ಡಿಸ್ಟನ್ಸ್ ಎಂದು ಹೆಸರು. ನಾನೂ ನನ್ನ ಗೆಳೆಯನೂ ಅದನ್ನು 'ಕಡಿತದ ದೂರ' ಎಂದು ಕರೆದೆವು. ಕಷ್ಟಪಟ್ಟು ತಂದ ಮಾಹಿತಿಯನ್ನು ಯಾಕೆ ಬಿಡಬೇಕು? ಬಿಡುವುದಾದರೆ ಎಲ್ಲಿಂದ ಬಿಡಬೇಕು? ಈ ಎರಡು ಪ್ರಶ್ನೆಗಳ ಹಿಂದೆ ಹೋಗಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಎಣಿಕೆ ಶುರುವಾದದ್ದು ಸಂಖ್ಯಾಶಾಸ್ತ್ರದ ಪ್ರಾಜೆಕ್ಟಿಗಾಗಿ. ವೇಣೂರಿನ ಹತ್ತಿರ ನನ್ನ ಮಾಮುವಿನ ಅಡಿಕೆ ತೋಟವಿದೆ. ಅದು ಫಲ್ಗುಣಿ ನದಿಯ ಕಡೆಗೆ ಇಳಿಯುವ ಉದ್ದನೆಯ ಜಾಗ. ಅಡಿಕೆಯ ನಡುವೆ ಕೊಕ್ಕೋ, ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು ಇವೆ. ಮೇಲ್ಗಡೆ ಸೊಪ್ಪು ತರುವ ಕುಮ್ಕಿ ಗುಡ್ಡ, ಬೇಲಿಯ ಆಚೆ ಇನ್ನೊಬ್ಬರ ರಬ್ಬರ್ ತೋಟ. ಎಲೆಚುಕ್ಕಿ ರೋಗದಿಂದ ಬೇಸತ್ತ ಮಾಮು, ಅರ್ಧ ತೋಟ ಕಡಿದು ರಬ್ಬರ್ ಹಾಕುವ ಮಾತಾಡುತ್ತಿದ್ದರು. "ಹಾಗೆ ಮಾಡಿದರೆ ಹಕ್ಕಿಗಳೆಲ್ಲ ಹೋಗುತ್ತವೆ ಮಾಮು" ಎಂದೆ. "ರಬ್ಬರಿನಲ್ಲೂ ಹಕ್ಕಿ ಕೂಗುತ್ತದಲ್ಲ ಬೇಟಾ. ನೀನು ಲೆಕ್ಕ ಕಲಿಯುವವನು. ಎಣಿಸಿ ತೋರಿಸು, ಆಮೇಲೆ ಮಾತಾಡೋಣ" ಎಂದರು. ಅವರು ತಮಾಷೆಗೆ ಹೇಳಿದ್ದಲ್ಲ. ತೋರಿಸಿದರೆ ಕೇಳುವ ಮನುಷ್ಯ ಅವರು.

ಕಾಮರ್ಸ್ ಓದುವವರಿಗೆ ಹಕ್ಕಿಯ ಉಸಾಬರಿ ಯಾಕೆ ಎಂದು ಕೆಲವರು ಕೇಳಿದರು. ಅವರಿಗೆ ನನ್ನ ಉತ್ತರ ಸಲೀಂ ಅಲಿ. ಭಾರತದ ಹಕ್ಕಿಗಳ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದಿದ್ದ ಅವರು ಬರ್ಮಾದಿಂದ ಮುಂಬೈಗೆ ಮರಳಿದ ಮೇಲೆ ದಾವರ್ಸ್ ವಾಣಿಜ್ಯ ಕಾಲೇಜಿಗೆ ಸೇರಿ ವಾಣಿಜ್ಯ ಕಾನೂನನ್ನೂ ಲೆಕ್ಕಶಾಸ್ತ್ರವನ್ನೂ ಓದಿದ್ದರು. ಹಕ್ಕಿ ಎಣಿಕೆಯಲ್ಲಿ ಅರ್ಧ ಕೆಲಸ ಕಣ್ಣು ಕಿವಿಗಳದ್ದಾದರೆ ಉಳಿದ ಅರ್ಧ ಲೆಕ್ಕದ್ದು. ಆ ಅರ್ಧಕ್ಕೆ ನಾವು ಹೊರಗಿನವರಲ್ಲ.

ನಾವು ಮಾಡಿದ್ದು ಪಾಯಿಂಟ್ ಕೌಂಟ್, ಅಂದರೆ ನಿಂತಲ್ಲಿಂದಲೇ ಮಾಡುವ ಎಣಿಕೆ. ಒಂದು ಜಾಗಕ್ಕೆ ಹೋಗಿ ಸದ್ದಿಲ್ಲದೆ ನಿಲ್ಲಬೇಕು. ನಾವು ಬಂದ ಸದ್ದಿಗೆ ಹತ್ತಿರದ ಹಕ್ಕಿಗಳು ಸರಿದುಹೋಗುತ್ತವೆ, ಅವು ಮತ್ತೆ ಮೊದಲಿನಂತಾಗಲು ಎರಡು ಮೂರು ನಿಮಿಷ ಕಾಯಬೇಕು. ಆಮೇಲೆ ಹತ್ತು ನಿಮಿಷ ಕಂಡದ್ದನ್ನೂ ಕೇಳಿದ್ದನ್ನೂ ದೂರದ ಸಮೇತ ಬರೆಯಬೇಕು. ಮೇಲೆ ಸುಮ್ಮನೆ ಹಾರಿಹೋಗುವ ಗರುಡನನ್ನು ಸೇರಿಸುವಂತಿಲ್ಲ, ಅದು ತೋಟವನ್ನು ಬಳಸುತ್ತಿಲ್ಲ. ಫಜ್ರ್ ನಮಾಜ್ ಮುಗಿಸಿ ಹೊರಟರೆ ಹಕ್ಕಿಗಳು ಬಾಯಿಬಿಡುವ ಹೊತ್ತಿಗೆ ಸರಿಯಾಗಿ ತೋಟದಲ್ಲಿರುತ್ತಿದ್ದೆವು. ಎರಡು ತೋಟಗಳಲ್ಲೂ ಬೇಲಿಯಿಂದ ಕನಿಷ್ಠ 50 ಮೀಟರ್ ಒಳಗೆ ಎರಡೆರಡು ಜಾಗ ಗುರುತು ಮಾಡಿ, ಹತ್ತು ದಿನ ಬೆಳಿಗ್ಗೆ ನಾಲ್ಕೂ ಕಡೆ ಎಣಿಸಿದೆವು.

ದೂರ ಅಳೆಯಲು ನಮ್ಮಲ್ಲಿ ಲೇಸರ್ ಯಂತ್ರ ಇರಲಿಲ್ಲ. ಆದರೆ ಅಡಿಕೆ ತೋಟವೇ ಒಂದು ಅಳತೆಪಟ್ಟಿ. ಅಡಿಕೆ ಸಸಿಗಳ ನಡುವೆ 2.7 ಮೀಟರ್, ಅಂದರೆ ಒಂಬತ್ತು ಅಡಿ ಅಂತರ ಇರಬೇಕೆಂಬುದು ಶಿಫಾರಸು. ಮಾಮುವಿನ ತೋಟದಲ್ಲಿ ಟೇಪ್ ಹಿಡಿದು ನೋಡಿದೆವು, ಹೆಚ್ಚುಕಡಿಮೆ ಅಷ್ಟೇ ಇತ್ತು. ಹಕ್ಕಿ ಕೂತ ಮರ ಹನ್ನೊಂದನೆಯ ಸಾಲಿನಲ್ಲಿದ್ದರೆ ಸುಮಾರು 30 ಮೀಟರ್. ರಬ್ಬರಿನ ಸಾಲುಗಳನ್ನೂ ಹಾಗೆಯೇ ಅಳೆದಿಟ್ಟುಕೊಂಡೆವು.

ಕಣ್ಣಿಗೆ ಕಾಣುವ ಹಕ್ಕಿಗೆ ಇದು ಸಾಕು. ಕಿವಿಗೆ ಮಾತ್ರ ಕೇಳುವ ಹಕ್ಕಿಯದ್ದೇ ಕಷ್ಟ. ನವಿಲು ಹೊಳೆಯಾಚೆ ಕೂಗಿದರೂ ಇಲ್ಲೇ ಕೂಗಿದ ಹಾಗಿರುತ್ತದೆ. ಕುಟ್ರುಹಕ್ಕಿ ಒಂದು ಶುರುಮಾಡಿದರೆ ಗುಡ್ಡದ ಮೇಲಿನದ್ದು ಉತ್ತರ ಕೊಡುತ್ತದೆ, ಅದರಾಚೆ ಮತ್ತೊಂದು. ಎಲ್ಲವೂ ಪುಸ್ತಕಕ್ಕೆ ಬಂದವು. 60, 80, 100 ಎಂದು ದೂರವನ್ನೂ ಬರೆದೆವು. ದೂರ ಹೆಚ್ಚಿದ ಹಾಗೆ ನಮ್ಮ ಅಂದಾಜು ಹತ್ತರ, ಇಪ್ಪತ್ತರ ಗುಣಕಗಳಿಗೆ ಬಂದು ನಿಲ್ಲುತ್ತಿತ್ತು. 83 ಮೀಟರ್ ಎಂದು ಯಾರೂ ಬರೆಯುವುದಿಲ್ಲ.

ದೂರದ ಹಕ್ಕಿಗಳ ತೊಂದರೆ ಏನೆಂದು ಅರ್ಥವಾಗಲು ಸ್ವಲ್ಪ ರೇಖಾಗಣಿತ ಬೇಕು. ನಿಂತ ಜಾಗವನ್ನು ಕೇಂದ್ರ ಮಾಡಿ ಹತ್ತು ಹತ್ತು ಮೀಟರಿಗೆ ಒಂದೊಂದು ವೃತ್ತ ಎಳೆಯಿರಿ. ಮೊದಲ ವೃತ್ತದ ಒಳಗೆ ಸುಮಾರು 314 ಚದರ ಮೀಟರ್, ಅಂದರೆ ಎಂಟು ಸೆಂಟ್ಸಿಗೂ ಸ್ವಲ್ಪ ಕಡಿಮೆ ಜಾಗ. ಅದರ ಸುತ್ತಲಿನ ಬಳೆಯಂಥ ಭಾಗ ಅದರ ಮೂರು ಪಟ್ಟು, ಅದರಾಚೆಯದ್ದು ಐದು ಪಟ್ಟು, ಆಮೇಲೆ ಏಳು. ಹೀಗೆ ಬೆಸಸಂಖ್ಯೆಗಳಲ್ಲಿ ಬೆಳೆದು 90ರಿಂದ 100 ಮೀಟರಿನ ಬಳೆ 19 ಪಟ್ಟು ಆಗುತ್ತದೆ. 30 ಮೀಟರಿನ ವೃತ್ತ ಸುಮಾರು 70 ಸೆಂಟ್ಸ್. 100 ಮೀಟರಿನ ವೃತ್ತ ಏಳೂ ಮುಕ್ಕಾಲು ಎಕರೆ.

ಹಕ್ಕಿಗಳು ಎಲ್ಲ ಕಡೆ ಸಮನಾಗಿ ಹರಡಿದ್ದರೆ, ಮೊದಲ ವೃತ್ತದಲ್ಲಿ ಒಂದು ಹಕ್ಕಿ ಇರುವಾಗ ಹತ್ತನೆಯ ಬಳೆಯಲ್ಲಿ 19 ಇರಬೇಕು. ಅಷ್ಟು ದೂರದಿಂದ ನಮಗೆ ಎರಡು ಕೇಳಿದ್ದರೆ 17 ತಪ್ಪಿಹೋಗಿವೆ ಎಂದಾಯಿತು. ಆ ಎರಡರಲ್ಲಿ ಒಂದು ಹೆಚ್ಚುಕಡಿಮೆಯಾದರೂ ಇಡೀ ಅಂದಾಜು ಅಲ್ಲಾಡುತ್ತದೆ. ದೂರದ ಊಹೆಯೂ ಹಾಗೆಯೇ. 100 ಮೀಟರಿನಲ್ಲಿದ್ದ ಹಕ್ಕಿಯನ್ನು 80 ಎಂದು ಬರೆದರೆ ತಪ್ಪಿದ್ದು 20 ಮೀಟರ್ ಮಾತ್ರ ಎನಿಸುತ್ತದೆ. ಆದರೆ 100 ಮೀಟರಿನ ವೃತ್ತ 80 ಮೀಟರಿನ ವೃತ್ತಕ್ಕಿಂತ ಒಂದೂವರೆ ಪಟ್ಟಿಗೂ ದೊಡ್ಡದು. ಇನ್ನೊಂದು ವಿಷಯವೂ ಇದೆ. ನಮ್ಮ ಜಾಗದಿಂದ ಬೇಲಿಗೆ 50 ಮೀಟರ್. 90 ಮೀಟರ್ ಎಂದು ಬರೆದ ಹಕ್ಕಿ ಎಷ್ಟೋ ಸಲ ಮಾಮುವಿನ ತೋಟದ್ದೇ ಅಲ್ಲ, ಪಕ್ಕದ ರಬ್ಬರಿನದ್ದು!

ಇಲ್ಲಿ ನನಗೆ ಸಾಲಗಾರರ ಲೆಕ್ಕ ನೆನಪಾಯಿತು. ಅಂಗಡಿಗೆ ಬರಬೇಕಾದ ಹಣವನ್ನು ಅವಧಿಯ ಪ್ರಕಾರ ಪಟ್ಟಿ ಮಾಡುತ್ತಾರೆ. ಒಂದು ತಿಂಗಳ ಬಾಕಿಯ ಮೇಲೆ ಪೂರ್ತಿ ನಂಬಿಕೆ, ಆರು ತಿಂಗಳದ್ದರ ಮೇಲೆ ಕಡಿಮೆ, ಮೂರು ವರ್ಷದ್ದನ್ನು ವಸೂಲಾಗದ ಸಾಲವೆಂದು ತೆಗೆಯುತ್ತಾರೆ. ತೆಗೆದರೂ ಖಾತೆಯ ಪುಸ್ತಕದಿಂದ ಆ ಹೆಸರನ್ನು ಹರಿದು ಹಾಕುವುದಿಲ್ಲ. ಹಕ್ಕಿ ಪುಸ್ತಕವೂ ಹಾಗೆಯೇ. 100 ಮೀಟರಿನ ನವಿಲು ಪುಸ್ತಕದಲ್ಲಿ ಇದ್ದೇ ಇರುತ್ತದೆ. ತೋಟದಲ್ಲಿ ಎಷ್ಟು ಹಕ್ಕಿಗಳಿವೆ ಎಂಬ ಲೆಕ್ಕಕ್ಕೆ ಮಾತ್ರ ಅದನ್ನು ಆಧಾರ ಮಾಡುವುದಿಲ್ಲ. ಅಳಿಸಬಾರದು ಎಂಬ ನಮ್ಮ ಮೊದಲ ಪಾಠಕ್ಕೆ ಧಕ್ಕೆಯೇನೂ ಆಗಲಿಲ್ಲ.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸ್ಟೀಫನ್ ಬಕ್‌ಲ್ಯಾಂಡ್ ಮತ್ತು ಅವರ ಜೊತೆಗಾರರು ದೂರವನ್ನು ಆಧಾರವಾಗಿಟ್ಟುಕೊಂಡು ಪ್ರಾಣಿ ಪಕ್ಷಿಗಳನ್ನು ಎಣಿಸುವ ವಿಧಾನದ ಬಗ್ಗೆ 1993ರಲ್ಲಿ ಒಂದು ಪುಸ್ತಕ ತಂದರು. 2001ರಲ್ಲಿ ಅದು ಮತ್ತೆ ವಿಸ್ತಾರವಾಗಿ ಬಂತು. ಆ ವಿಧಾನದ ಅಡಿಪಾಯ ಇಷ್ಟು: ನಾವು ನಿಂತಲ್ಲೇ ಇರುವ ಹಕ್ಕಿ ತಪ್ಪುವುದಿಲ್ಲ, ದೂರ ಹೋದ ಹಾಗೆ ತಪ್ಪುವುದು ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಎಂಬುದನ್ನು ನಾವು ಬರೆದ ದೂರಗಳೇ ಹೇಳುತ್ತವೆ. ದೂರಗಳ ಮೇಲೆ ಒಂದು ವಕ್ರರೇಖೆಯನ್ನು ಕೂರಿಸಿ, ಕಾಣದೆ ಹೋದ ಹಕ್ಕಿಗಳನ್ನೂ ಅಂದಾಜು ಮಾಡುತ್ತಾರೆ. ತುಂಬಾ ದೂರದ ನಾಲ್ಕೈದು ಹಕ್ಕಿಗಳನ್ನು ಉಳಿಸಿಕೊಂಡರೆ ರೇಖೆ ಅವುಗಳಿಗಾಗಿ ಬಾಗಬೇಕಾಗುತ್ತದೆ, ಹತ್ತಿರದ ಲೆಕ್ಕ ಕೆಡುತ್ತದೆ.

ಅದಕ್ಕಾಗಿ ಅವರು ಎರಡು ಸುಲಭ ದಾರಿ ಹೇಳಿದ್ದಾರೆ. ನಿಂತಲ್ಲಿಂದ ಎಣಿಸಿದ್ದಾದರೆ ಎಲ್ಲಕ್ಕಿಂತ ದೂರದ ಶೇಕಡಾ 10ರಷ್ಟು ದಾಖಲೆಗಳನ್ನು ಬಿಡಬಹುದು. ಇಲ್ಲವೇ ಹಕ್ಕಿ ಪತ್ತೆಯಾಗುವ ಸಂಭವನೀಯತೆ 0.1ಕ್ಕೆ ಇಳಿಯುವ ದೂರದಲ್ಲಿ ಗೆರೆ ಎಳೆಯಬಹುದು. ಇವು ಕಟ್ಟುನಿಟ್ಟಿನ ಕಾನೂನಲ್ಲ. ಮೊದಲು ಹಿಸ್ಟೋಗ್ರಾಂ ಎಳೆದು ನೋಡಬೇಕು. ಜಾಗ ದೊಡ್ಡದಾಗುವುದರಿಂದ ಕಂಬಗಳು ಮೊದಲು ಏರುತ್ತವೆ, ಕಣ್ಣು ಕಿವಿ ಸೋಲುವುದರಿಂದ ಆಮೇಲೆ ಇಳಿಯುತ್ತವೆ, ಕೊನೆಗೆ ಅಲ್ಲೊಂದು ಇಲ್ಲೊಂದು ಉಳಿಯುತ್ತವೆ. ಆ ಬಾಲವನ್ನು ಕತ್ತರಿಸಬೇಕು. ಪ್ರತಿ ಜಾತಿಗೂ ಗೆರೆ ಬೇರೆ. ಪೊದೆಯ ಟುವ್ವಿ ಹಕ್ಕಿಗೆ ಎಳೆದ ಗೆರೆ ಕುಟ್ರುಹಕ್ಕಿಗೆ ಹೊಂದುವುದಿಲ್ಲ.

ಅತಿಯಾಗಿ ಕತ್ತರಿಸಿದರೂ ನಷ್ಟವೇ. 10 ಮೀಟರಿಗೆ ಗೆರೆ ಎಳೆದರೆ ದೂರದ ತಪ್ಪುಗಳೇನೋ ಹೋಗುತ್ತವೆ, ಆದರೆ ಕೈಯಲ್ಲಿ ಉಳಿಯುವುದು ನಾಲ್ಕು ಹಕ್ಕಿ. ನಾಲ್ಕರಿಂದ ಏನೂ ಹೇಳಲಾಗದು. ನಿಂತಲ್ಲಿನ ಎಣಿಕೆಗೆ ಒಂದು ಜಾತಿಯ 75ರಿಂದ 100 ದಾಖಲೆಗಳಾದರೂ ಬೇಕು ಎಂಬುದು ಅವರ ಸಲಹೆ.

ನಮ್ಮ ಎರಡು ತೋಟಗಳ ಹೋಲಿಕೆಯಲ್ಲಿ ಇದು ಯಾಕೆ ಮುಖ್ಯ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಅಡಿಕೆಯಲ್ಲೂ ರಬ್ಬರಿನಲ್ಲೂ ಪಿಕಳಾರಗಳು ಸರಿಸಮ ಇವೆ, 1000 ಚದರ ಮೀಟರಿಗೆ ಒಂದು ಎಂದಿಟ್ಟುಕೊಳ್ಳಿ. ಅಡಿಕೆಯಲ್ಲಿ ಕೊಕ್ಕೋ, ಬಾಳೆ, ಮೆಣಸಿನ ಬಳ್ಳಿ ಅಡ್ಡ ಬರುತ್ತವೆ. ಅಲ್ಲಿ 25 ಮೀಟರ್ ದೂರದ ಹಕ್ಕಿ ಪತ್ತೆಯಾಗುವ ಸಂಭವ 100ಕ್ಕೆ 61 ಇರಲಿ. ರಬ್ಬರಿನ ಕೆಳಗೆ ಬಯಲು, ಚಳಿಗಾಲದಲ್ಲಿ ಎಲೆಯೂ ಉದುರುತ್ತದೆ. ಅಲ್ಲಿ ಅಷ್ಟೇ ಸಂಭವ 40 ಮೀಟರಿನವರೆಗೆ ಇರಲಿ. ಪತ್ತೆಯಾಗುವುದು ಎರಡೂ ಕಡೆ ಗಂಟೆಯಾಕಾರದ ರೇಖೆಯಂತೆ ಇಳಿಯುತ್ತದೆ ಎಂದುಕೊಂಡು ಹತ್ತು ಹತ್ತು ಎಣಿಕೆ ಮಾಡಿದರೆ, ಅಡಿಕೆಯಲ್ಲಿ ಸುಮಾರು 39 ಹಕ್ಕಿ, ರಬ್ಬರಿನಲ್ಲಿ ಸುಮಾರು 100 ಹಕ್ಕಿ ಸಿಗುತ್ತವೆ. ಇರುವ ಹಕ್ಕಿ ಸಮ, ಬರೆದ ಹಕ್ಕಿ ಎರಡೂವರೆ ಪಟ್ಟು!

ಈಗ ಎರಡೂ ಕಡೆ 30 ಮೀಟರಿಗೆ ಗೆರೆ ಎಳೆಯೋಣ. ಅಡಿಕೆಯದ್ದು 20, ರಬ್ಬರಿನದ್ದು 25 ಆಗುತ್ತದೆ. ಎರಡೂವರೆ ಪಟ್ಟಿನ ವ್ಯತ್ಯಾಸ ಕಾಲು ಪಟ್ಟಿಗೆ ಇಳಿಯಿತು. ಆದರೂ ಪೂರ್ತಿ ಹೋಗಲಿಲ್ಲ, ಏಕೆಂದರೆ 30 ಮೀಟರಿನ ಒಳಗೂ ಅಡಿಕೆಯಲ್ಲಿ ತಪ್ಪುವ ಹಕ್ಕಿಗಳು ಹೆಚ್ಚು. ವೃತ್ತದ ಒಳಗಿನ ಹಕ್ಕಿಗಳಲ್ಲಿ ಅಡಿಕೆಯಲ್ಲಿ 0.71 ಭಾಗ, ರಬ್ಬರಿನಲ್ಲಿ 0.87 ಭಾಗ ಪತ್ತೆಯಾಗುತ್ತವೆ. 20ನ್ನು 0.71ರಿಂದಲೂ 25ನ್ನು 0.87ರಿಂದಲೂ ಭಾಗಿಸಿ ನೋಡಿ. ಎರಡೂ 28ರ ಆಸುಪಾಸಿಗೆ ಬರುತ್ತವೆ, ಅದೇ ನಿಜವಾದ ಸಂಖ್ಯೆ. ಗೆರೆ ಎಳೆಯುವುದು ಕೆಲಸದ ಒಂದು ಭಾಗ, ಆ ಭಾಗಾಕಾರ ಇನ್ನೊಂದು. ಒಂದು ಮಾಡಿ ಇನ್ನೊಂದನ್ನು ಬಿಟ್ಟರೆ ಉತ್ತರ ಸರಿಬರುವುದಿಲ್ಲ.

ಇನ್ನು ನಮ್ಮ ಪುಸ್ತಕದ ಕಥೆ. ಹೆಚ್ಚಿನ ಜಾತಿಗಳ ದಾಖಲೆ ಹತ್ತು ಹದಿನೈದನ್ನು ದಾಟಲಿಲ್ಲ. ಮನೆಯಲ್ಲಿ ನಾವು ಬುಲ್‌ಬುಲ್ ಎಂದು ಕರೆಯುವ ಪಿಕಳಾರ ಮಾತ್ರ ಎರಡೂ ತೋಟ ಸೇರಿ 90 ಆಯಿತು. ಅದನ್ನೇ ಹಿಡಿದೆವು. ಗೆರೆ ಎಳೆಯದೆ ನೋಡಿದರೆ ರಬ್ಬರ್ ಎದ್ದು ಕಾಣುವಷ್ಟು ಮುಂದೆ. 40 ಮೀಟರಿಗೆ ಎಳೆದರೆ ರಬ್ಬರ್ ಸ್ವಲ್ಪವೇ ಮುಂದೆ. 20 ಮೀಟರಿಗೆ ಎಳೆದರೆ ಅಡಿಕೆ ಮುಂದೆ.

"20 ಹಾಕು ಮಾರಾಯ. ನಿನ್ನ ಮಾಮುವಿನ ತೋಟ ಉಳಿಯುತ್ತದೆ, ಪ್ರಾಜೆಕ್ಟೂ ಚಂದ ಕಾಣುತ್ತದೆ. ಯಾಕೆ 20 ಅಂತ ಯಾರು ಕೇಳುತ್ತಾರೆ?" ಎಂದ ಗೆಳೆಯ. ಯಾರೂ ಕೇಳುತ್ತಿರಲಿಲ್ಲ, ಅದು ನಿಜ. 20 ಮೀಟರ್ ಸುಳ್ಳು ದೂರವೂ ಅಲ್ಲ, ಎಣಿಸಿದ ಹಕ್ಕಿಗಳೂ ಸುಳ್ಳಲ್ಲ. ತೋಟ ಉಳಿಯಬೇಕು ಎಂಬ ಆಸೆ ನನಗೂ ಇತ್ತು. ಆದರೆ ಉತ್ತರ ನೋಡಿದ ಮೇಲೆ ಗೆರೆ ಆರಿಸಿದರೆ ಅದು ಕಂಪನಿಗಳು ವರ್ಷದ ಕೊನೆಗೆ ಆಸ್ತಿ-ಜವಾಬ್ದಾರಿ ಪಟ್ಟಿಯನ್ನು ಸಿಂಗರಿಸಿದ ಹಾಗೆ. ಕುರ್‌ಆನಿನ 83ನೇ ಅಧ್ಯಾಯ ಅಲ್ ಮುತಫ್ಫಿಫೀನ್‌ನಲ್ಲಿ ಎಚ್ಚರಿಕೆ ಇರುವುದು ತಾವು ತೆಗೆದುಕೊಳ್ಳುವಾಗ ಪೂರ್ತಿ ಅಳೆಸಿಕೊಂಡು ಇತರರಿಗೆ ಕೊಡುವಾಗ ಕಡಿಮೆ ಅಳೆಯುವವರಿಗೆ ಎಂದು ಮದ್ರಸದಲ್ಲಿ ಕಲಿತಿದ್ದೇವೆ. ಅದು ಅಕ್ಕಿ ಬೇಳೆಯ ಅಳತೆಗೆ ಮಾತ್ರ ಎಂದು ನನಗನಿಸುವುದಿಲ್ಲ. ನಮಗೆ ಬೇಕಾದ ಉತ್ತರಕ್ಕೆ ತಕ್ಕಂತೆ ಸೇರನ್ನು ಬದಲಾಯಿಸುವುದೂ ಅದೇ ಸಾಲಿಗೆ ಸೇರುತ್ತದೆ.

ಗೆಳೆಯ ಸ್ವಲ್ಪ ಹೊತ್ತು ವಾದ ಮಾಡಿ ಒಪ್ಪಿದ. ಯಾವ ದಾಖಲೆ ಯಾವ ತೋಟದ್ದು ಎಂಬ ಕಾಲಂ ಮುಚ್ಚಿಟ್ಟು, 90 ದೂರಗಳನ್ನೂ ಒಟ್ಟಿಗೆ ಇಳಿಕೆ ಕ್ರಮದಲ್ಲಿ ಬರೆದು, ನಿಯಮದಂತೆ ಮೇಲಿನ 9ನ್ನು ತೆಗೆದೆವು. ಗೆರೆ 40 ಮೀಟರಿನ ಹತ್ತಿರ ಬಿತ್ತು. ಅದು ಬೇಲಿಯ 50 ಮೀಟರಿನ ಒಳಗೇ ಇತ್ತು ಎಂಬುದು ಸಮಾಧಾನ. ಉಳಿದದ್ದು 81. ಎರಡೂ ತೋಟ ಸೇರಿದರೆ 75ನ್ನು ದಾಟುತ್ತದೆ, ಆದರೆ ತೋಟಕ್ಕೊಂದು ಬೇರೆ ರೇಖೆ ಕೂರಿಸಲು ಸಾಲದು. ಆದ್ದರಿಂದ ಪ್ರಾಜೆಕ್ಟಿನ ಕೊನೆಯಲ್ಲಿ ನಾವು ಬರೆದದ್ದು ಇಷ್ಟೇ: ರಬ್ಬರಿನಲ್ಲಿ ಪಿಕಳಾರ ಹೆಚ್ಚು ಎಂದು ಮೊದಲ ನೋಟಕ್ಕೆ ಕಂಡದ್ದರಲ್ಲಿ ದೊಡ್ಡ ಪಾಲು, ಅಲ್ಲಿ ದೂರದವರೆಗೆ ಕಾಣುತ್ತದೆ ಎಂಬ ಕಾರಣದಿಂದ ಬಂದಿರಬಹುದು. ಯಾವ ತೋಟದಲ್ಲಿ ನಿಜವಾಗಿ ಹೆಚ್ಚು ಎಂದು ಹೇಳಲು ಈ ಎಣಿಕೆ ಸಾಲದು.

ಮಾಮುವಿಗೆ ಇದನ್ನು ಹೇಳಲು ಹೋದಾಗ ನನ್ನ ಕೈ ಖಾಲಿ ಎನಿಸುತ್ತಿತ್ತು. ಪುಸ್ತಕವನ್ನೂ ಗೆರೆಯನ್ನೂ ತೋರಿಸಿದೆ. "ಅಂದರೆ ನನ್ನ ತೋಟ ಗೆದ್ದಿಲ್ಲ" ಎಂದರು. "ಸೋತಿಲ್ಲ ಕೂಡ" ಎಂದೆ. ಆಮೇಲೆ ಉತ್ತರ ಕನ್ನಡದ ಅಡಿಕೆ ತೋಟಗಳ ಅಧ್ಯಯನದ ಬಗ್ಗೆ ಹೇಳಿದೆ. ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಸುಭಾಷ್ ಚಂದ್ರನ್, ಪಾಲ್ ಎರ್ಲಿಕ್ ಮತ್ತು ಗ್ರೆಚೆನ್ ಡೇಲಿ 2008ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಆ ಭಾಗದ ಕಾಡಿನ ಹಕ್ಕಿ ಜಾತಿಗಳಲ್ಲಿ ಶೇಕಡಾ 90ರಷ್ಟು ಅಡಿಕೆ ಬೆಳೆಯುವ ವ್ಯವಸ್ಥೆಯಲ್ಲಿ ಉಳಿದಿವೆ ಎಂದು ಅವರು ಕಂಡುಕೊಂಡರು. ಅದಕ್ಕೆ ಎರಡು ಕಾರಣ ಕೊಟ್ಟರು. ಒಂದು, ಅಡಿಕೆಯ ಕೆಳಗೆ ಬೆಳೆಸುವ ಬೇರೆ ಬೇರೆ ಗಿಡಗಳು. ಇನ್ನೊಂದು, ಸೊಪ್ಪಿಗಾಗಿ ಉಳಿಸಿಕೊಂಡ ಪಕ್ಕದ ಕಾಡು.

ಮಾಮು ತಲೆಯೆತ್ತಿ ಕುಮ್ಕಿ ಗುಡ್ಡದ ಕಡೆ ನೋಡಿದರು. "ಹಾಗಾದರೆ ಹಕ್ಕಿ ಇರುವುದು ಅಡಿಕೆಗಲ್ಲ, ಅದರ ಜೊತೆ ಇರುವುದಕ್ಕೆ" ಎಂದರು. ಇಷ್ಟು ಸರಿಯಾಗಿ ನನಗೆ ಹೇಳಲು ಬಂದಿರಲಿಲ್ಲ. ರಬ್ಬರಿನ ವಿಷಯ ಅವರು ಇನ್ನೂ ತೀರ್ಮಾನಿಸಿಲ್ಲ. ರೋಗದ ಮರಗಳು ನಿಜ, ಮದ್ದಿನ ಖರ್ಚೂ ನಿಜ. ಆದರೆ "ಮುಂದಿನ ಚಳಿಗಾಲಕ್ಕೂ ಎಣಿಸು, ಆಗ ಎಷ್ಟಾಗುತ್ತದೆ ನೋಡೋಣ" ಎಂದಿದ್ದಾರೆ. ಅಲ್ಲಿಯವರೆಗೆ ಕೊಡಲಿ ಬೀಳುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಫೆಬ್ರವರಿಯಲ್ಲಿ ದೇಶದ ಹಲವು ಕಾಲೇಜುಗಳಲ್ಲಿ ಕ್ಯಾಂಪಸ್ ಹಕ್ಕಿ ಎಣಿಕೆ ನಡೆಯುತ್ತದೆ. ನಮ್ಮ ಕಾಲೇಜೂ ಸೇರಬಹುದು. ಸೇರುವುದಾದರೆ ಹಕ್ಕಿಯ ಹೆಸರಿನ ಪಕ್ಕ ಇನ್ನೊಂದು ಕಾಲಂ ಹಾಕಿ ದೂರವನ್ನೂ ಬರೆಯೋಣ ಎಂಬುದು ನನ್ನ ವಿನಂತಿ. ಮೈದಾನದ ಉದ್ದ, ಗೇಟಿನಿಂದ ಮೊದಲ ಮರಕ್ಕೆ ಇರುವ ದೂರ, ಇವನ್ನು ಮೊದಲೇ ಟೇಪಿನಲ್ಲಿ ಅಳೆದಿಟ್ಟುಕೊಂಡರೆ ಅಂದಾಜು ಸುಲಭ. ಕಡಿತದ ನಿಯಮ ಯಾವುದು ಎಂಬುದನ್ನು ಎಣಿಕೆಗೆ ಹೊರಡುವ ಮೊದಲೇ ಪುಸ್ತಕದ ಮೊದಲ ಪುಟದಲ್ಲಿ ಬರೆದು ದಿನಾಂಕ ಹಾಕಿಡೋಣ. ಆಸಕ್ತಿ ಇರುವವರು ದ್ವಿತೀಯ ಪಿಯುಸಿ ಕಾಮರ್ಸ್ ವಿಭಾಗದಲ್ಲಿ ನಮ್ಮಿಬ್ಬರನ್ನು ಹುಡುಕಬಹುದು. ಟೇಪ್ ನಮ್ಮಲ್ಲಿದೆ.